ಗೆದ್ದವರಿಗೂ ಸೋತವರಿಗೂ ಕಾಯಕವೊಂದೇ

(ನಂದಗುಡಿಯಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳ ಶಾಲಾ ಸಂಸತ್ತಿನ ಪ್ರಮಾಣವಚನ ಸಂದರ್ಭದಲ್ಲಿ ದಯಪಾಲಿಸಿದ ಆಶೀರ್ವಚನ)



ಇಂದಿನ ಸಮಾರಂಭಕ್ಕೆ ನಿಮ್ಮ ಶಾಲೆಯ ಮಕ್ಕಳೇ ಮಠಕ್ಕೆ ಬಂದು ನಮ್ಮನ್ನು ಕರೆದರು. ಶಾಲಾ ಸಂಸತ್ತಿಗೆ ಚುನಾವಣೆ ನಡೆದಿದೆ, ಗೆದ್ದವರು ಪ್ರಮಾಣವಚನ ಸ್ವೀಕರಿಸುತ್ತಾರೆ, ತಾವು ಆಶೀರ್ವಾದ ಮಾಡಬೇಕು ಎಂದರು. ಗೆದ್ದವರಿಗೆ ಮಾತ್ರವೇ ಆಶೀರ್ವಾದವೋ, ಸೋತವರಿಗೂ ಉಂಟೋ ಎಂದು ಕೇಳಿದೆವು. ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಇಬ್ಬರನ್ನೂ ಮುಂದಿನ ಸಾಲಿನಲ್ಲಿ ಕೂರಿಸುವುದಾದರೆ ಬರುತ್ತೇವೆ ಎಂದು ಹೇಳಿ ಕಳುಹಿಸಿದೆವು. ಅದರಂತೆಯೇ ಕೂರಿಸಿದ್ದಾರೆ. ಬಹಳ ಸಂತೋಷ.

ಈ ಚುನಾವಣೆ ಹೇಗೆ ನಡೆಯುತ್ತದೆಂಬುದು ಹಿರಿಯರಾದ ನಿಮ್ಮಲ್ಲಿ ಅನೇಕರಿಗೆ ತಿಳಿಯದು. ನೀವು ಓದುತ್ತಿದ್ದ ಕಾಲದಲ್ಲಿ ಮೇಷ್ಟ್ರು ಎತ್ತರದ ಹುಡುಗನೊಬ್ಬನನ್ನು ತೋರಿಸಿ ‘ನೀನು ಮಾನಿಟರು’ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಈಗ ಹಾಗಲ್ಲ. ಬೇಸಿಗೆ ರಜೆ ಕಳೆದು ಶಾಲೆ ತೆರೆದ ಕೆಲವು ವಾರಗಳಲ್ಲಿ ಚುನಾವಣೆಯ ದಿನವನ್ನು ಫಲಕದ ಮೇಲೆ ಬರೆಯುತ್ತಾರೆ. ಬಯಸುವ ಮಕ್ಕಳು ನಾಮಪತ್ರ ಸಲ್ಲಿಸುತ್ತಾರೆ. ಅದರ ಪರಿಶೀಲನೆ ಉಂಟು, ಹಿಂತೆಗೆದುಕೊಳ್ಳುವ ಅವಕಾಶ ಉಂಟು. ಪ್ರತಿಯೊಬ್ಬರಿಗೂ ಒಂದು ಗುರುತು ಉಂಟು. ಎಂಟನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗಿನ ಮಕ್ಕಳು ಸಾಲಾಗಿ ನಿಂತು, ಬೆರಳಿಗೆ ಮಸಿ ಹಾಕಿಸಿಕೊಂಡು, ಮರೆಯಲ್ಲಿ ಮತ ಹಾಕುತ್ತಾರೆ. ಎಲ್ಲರ ಮುಂದೆ ಎಣಿಕೆಯಾಗುತ್ತದೆ. ಗೆದ್ದವರಲ್ಲಿ ಒಬ್ಬರು ಮುಖ್ಯಮಂತ್ರಿ. ಉಳಿದವರಿಗೆ ಶಿಕ್ಷಣ, ಆರೋಗ್ಯ, ಸ್ವಚ್ಛತೆ, ಕ್ರೀಡೆ, ಗ್ರಂಥಾಲಯ, ಬಿಸಿಯೂಟ ಎಂದು ಖಾತೆಗಳು ಹಂಚಿಕೆಯಾಗುತ್ತವೆ.

ಇದನ್ನು ಕಂಡು ಕೆಲವು ಹಿರಿಯರು ನಗುತ್ತಾರೆ. ‘ಮಕ್ಕಳಾಟ, ಬುದ್ಧೀ’ ಎನ್ನುತ್ತಾರೆ. ಆಟವಲ್ಲ. 1989ರಲ್ಲಿ ಜಾರಿಗೆ ಬಂದ ಸಂವಿಧಾನದ 61ನೆಯ ತಿದ್ದುಪಡಿಯಿಂದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಇಲ್ಲಿ ಕುಳಿತಿರುವ ಹತ್ತನೆಯ ತರಗತಿಯ ಮಗು ಇನ್ನು ಎರಡು ಮೂರು ವರ್ಷಗಳಲ್ಲಿ ಗ್ರಾಮ ಪಂಚಾಯತಿಗೂ ವಿಧಾನಸಭೆಗೂ ಲೋಕಸಭೆಗೂ ಮತ ಹಾಕುತ್ತದೆ. ಹೊಲಕ್ಕೆ ಬಿತ್ತುವ ಮೊದಲು ಒಟ್ಟಲಿಗೆ ರಾಗಿ ಚೆಲ್ಲಿ ಪೈರು ಬೆಳೆಸುತ್ತೀರಿ. ಒಟ್ಟಲಿನ ಪೈರಿಗೆ ರೋಗ ಹತ್ತಿದರೆ ನಾಟಿ ಮಾಡಿದ ಹೊಲವೆಲ್ಲ ರೋಗವೇ. ಶಾಲೆಯ ಈ ಚುನಾವಣೆ ಒಟ್ಟಲು. ಇಲ್ಲಿ ಮಗು ಮೊದಲ ಮತವನ್ನು ಹೇಗೆ ಹಾಕುತ್ತದೆಯೋ ಹಾಗೆಯೇ ಮುಂದಿನ ಮತಗಳನ್ನೂ ಹಾಕುತ್ತದೆ.

ಮೊದಲು ಪದಗಳ ಅರ್ಥವನ್ನು ವಿಚಾರ ಮಾಡೋಣ. ‘ಮತ’ ಎಂಬುದು ಮನನ ಮಾಡು ಎಂಬರ್ಥದ ಧಾತುವಿನಿಂದ ಬಂದದ್ದು. ಚೆನ್ನಾಗಿ ಆಲೋಚಿಸಿ ತಳೆದ ನಿಲುವೇ ಮತ. ಆಲೋಚನೆಯಿಲ್ಲದೆ ಹಾಕಿದ್ದು ಚೀಟಿಯಾದೀತು, ಮತವಾಗಲಾರದು. ‘ನಾಯಕ’ ಎಂಬುದು ಒಯ್ಯು, ಕರೆದುಕೊಂಡು ಹೋಗು ಎಂಬ ಧಾತುವಿನಿಂದ ಆದದ್ದು. ಮುಂದೆ ಓಡುವವನು ನಾಯಕನಲ್ಲ, ಹಿಂದುಳಿದವರನ್ನೂ ಕರೆದುಕೊಂಡು ಹೋಗುವವನು ನಾಯಕ. ‘ಸಭ್ಯ’ ಎಂದರೆ ಸಭೆಗೆ ಯೋಗ್ಯನಾದವನು. ನಮ್ಮ ಹಳೆಯ ಮಾತಿನಲ್ಲಿ ಚುನಾವಣೆಗೆ ನಿಂತವನನ್ನು ‘ಉಮೇದುವಾರ’ ಎನ್ನುತ್ತಿದ್ದರು. ಅದು ಪಾರಸಿಯ ಪದ, ಆಸೆ ಹೊತ್ತವನು ಎಂದರ್ಥ. ಇಂಗ್ಲಿಷಿನವರು ‘ಕ್ಯಾಂಡಿಡೇಟ್’ ಎನ್ನುತ್ತಾರೆ. ಅದರ ಮೂಲ ಲ್ಯಾಟಿನ್ ಪದಕ್ಕೆ ಬಿಳಿಯ ವಸ್ತ್ರ ಉಟ್ಟವನು ಎಂಬ ಅರ್ಥ. ಪ್ರಾಚೀನ ರೋಮಿನಲ್ಲಿ ಅಧಿಕಾರ ಕೋರಿ ನಿಂತವರು ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿದ ಉಡುಪಿನಲ್ಲಿ ಜನರ ಮುಂದೆ ಬರುತ್ತಿದ್ದರಂತೆ. ಬಟ್ಟೆಗೆ ಸುಣ್ಣ ತಿಕ್ಕುವುದು ಸುಲಭ. ಮನಸ್ಸನ್ನು ಬೆಳ್ಳಗೆ ಮಾಡಿಕೊಳ್ಳುವ ಸುಣ್ಣ ಯಾವ ಅಂಗಡಿಯಲ್ಲೂ ಸಿಗದು.

ಸಭೆ ಸೇರಿ ಆಯ್ಕೆ ಮಾಡುವುದು ನಮಗೆ ಪರದೇಶದಿಂದ ಬಂದ ವಿದ್ಯೆಯಲ್ಲ. ನೆರೆಯ ತಮಿಳುನಾಡಿನ ಕಾಂಚೀಪುರದ ಬಳಿ ಉತ್ತರಮೇರೂರು ಎಂಬ ಗ್ರಾಮವಿದೆ. ಅಲ್ಲಿ ಚೋಳ ಅರಸನಾದ ಮೊದಲನೆಯ ಪರಾಂತಕನ ಕಾಲದ, ಹತ್ತನೆಯ ಶತಮಾನದ ಆದಿಭಾಗದ ಶಾಸನಗಳಿವೆ. ಗ್ರಾಮವನ್ನು 30 ವಾರ್ಡುಗಳಾಗಿ ಮಾಡಿ, ಯೋಗ್ಯರ ಹೆಸರನ್ನು ಓಲೆಗರಿಯಲ್ಲಿ ಬರೆದು, ಗಡಿಗೆಯಲ್ಲಿ ಹಾಕಿ, ಏನೂ ಅರಿಯದ ಬಾಲಕನೊಬ್ಬನ ಕೈಯಿಂದ ಎತ್ತಿಸುತ್ತಿದ್ದರು. ಕಪಟವರಿಯದ ಕೈ ಬೇಕೆಂದು ಮಗುವನ್ನೇ ಹುಡುಕಿದರು ನೋಡಿ. ಇನ್ನೊಂದು ನಿಯಮವೂ ಅಲ್ಲಿತ್ತು: ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನು ಅನರ್ಹ, ಅವನ ಹತ್ತಿರದ ಬಂಧುಗಳೂ ಅನರ್ಹರು.

ಆದರೆ ಆ ಸಭೆಗೆ ಬರಲು ಸ್ವಂತ ಭೂಮಿ ಇರಬೇಕಿತ್ತು, ಸ್ವಂತ ಮನೆ ಇರಬೇಕಿತ್ತು, ವೇದಶಾಸ್ತ್ರದ ಓದು ಇರಬೇಕಿತ್ತು. ದುಡಿಯುವವನಿಗೆ ಅಲ್ಲಿ ಎಡೆಯಿರಲಿಲ್ಲ, ಹೆಣ್ಣಿಗೂ ಇರಲಿಲ್ಲ. ಬಹುಕಾಲದ ನಂತರ, 1881ರಲ್ಲಿ, ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ದಸರಾ ಕಾಲದಲ್ಲಿ ಸೇರಿಸಿದರು. 144 ಮಂದಿ ಸೇರಿದರು. ಅದು ಮಹತ್ತರವಾದ ಕಾರ್ಯ. ಆದರೂ ಅಂದು ಬಂದವರು ಭೂಮಾಲೀಕರು ಮತ್ತು ವರ್ತಕರೇ ಹೆಚ್ಚು.

ಇವೆರಡರ ನಡುವೆ, ಹನ್ನೆರಡನೆಯ ಶತಮಾನದಲ್ಲಿ, ಕಲ್ಯಾಣದಲ್ಲಿ ಒಂದು ಸಭೆ ಸೇರಿತು. ಅದನ್ನು ಅನುಭವ ಮಂಟಪವೆಂದು ಕರೆಯುತ್ತೇವೆ. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಮಡಿ ಮಾಡುವ ಮಾಚಿದೇವ, ಮಾದಾರ ಧೂಳಯ್ಯ, ಚೆಲ್ಲಿದ ಅಕ್ಕಿ ಆಯುವ ಮಾರಯ್ಯ ಮತ್ತು ಲಕ್ಕಮ್ಮ, ಇವರೆಲ್ಲರಿಗೂ ಅಲ್ಲಿ ಮಾತನಾಡುವ ಹಕ್ಕಿತ್ತು. ಹೆಣ್ಣುಮಗಳೊಬ್ಬಳು ಒಂಟಿಯಾಗಿ ನಡೆದುಬಂದಾಗ ಅಲ್ಲಮಪ್ರಭುಗಳು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರೆಂದೂ ಅಕ್ಕಮಹಾದೇವಿ ಒಂದಕ್ಕೂ ಅಂಜದೆ ಉತ್ತರಿಸಿದಳೆಂದೂ ಶೂನ್ಯಸಂಪಾದನೆ ವಿಸ್ತಾರವಾಗಿ ಹೇಳುತ್ತದೆ. ಅಕ್ಕನನ್ನು ಅಲ್ಲಿ ಕುಲ ಯಾವುದೆಂದು ಅಳೆಯಲಿಲ್ಲ, ಅರಿವು ಎಷ್ಟೆಂದು ಒರೆಗೆ ಹಚ್ಚಿದರು. ಮಕ್ಕಳೇ, ನಾಮಪತ್ರದ ಪರಿಶೀಲನೆ ಎಂದರೆ ನಿಜವಾಗಿ ಅದು.

ಅದೇ ಕಥನದಲ್ಲಿ ಇನ್ನೊಂದು ಮುಖ್ಯ ವಿಷಯವಿದೆ. ಬಸವಣ್ಣನವರು ಬಿಜ್ಜಳನ ಭಂಡಾರಿಗಳು. ಕೈಯಲ್ಲಿ ಅಧಿಕಾರವಿತ್ತು, ಜನರ ಪ್ರೀತಿ ಇತ್ತು. ಶೂನ್ಯಸಿಂಹಾಸನದ ಮೇಲೆ ತಾವೇ ಕುಳಿತಿದ್ದರೆ ಬೇಡವೆನ್ನುವವರು ಯಾರಿದ್ದರು? ಅವರು ಕೂರಲಿಲ್ಲ. ಹೊರಗಿನಿಂದ ಬಂದ, ಮದ್ದಳೆ ನುಡಿಸುತ್ತಿದ್ದ ಅಲ್ಲಮಪ್ರಭುಗಳನ್ನು ಅದರ ಮೇಲೆ ಕೂರಿಸಿ, ತಾವು ಕೆಳಗೆ ನಿಂತು ದಾಸೋಹ ನಡೆಸಿದರು. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಕುರ್ಚಿಯನ್ನು ಯೋಗ್ಯನಿಗೆ ಬಿಟ್ಟುಕೊಟ್ಟವರು ಎಂಟುನೂರು ವರ್ಷಗಳ ಮೇಲೆ ನಾಯಕರೆನಿಸಿಕೊಂಡರು. ಕುರ್ಚಿಗಾಗಿ ಹೊಡೆದಾಡಿದವರ ಹೆಸರು ಎಷ್ಟು ಮಂದಿಗೆ ನೆನಪಿದೆ?

ಈಗ ನಮ್ಮ ಮನೆಯ ಅಂಗಳಕ್ಕೆ ಬರೋಣ. ಹಿಂದೊಮ್ಮೆ ಒಂದು ಶಾಲೆಯ ಚುನಾವಣೆಗೆ ಮುನ್ನ ಭಕ್ತರೊಬ್ಬರು ಮಠಕ್ಕೆ ಬಂದರು. ಹಣ್ಣು ಕಾಯಿ ಒಪ್ಪಿಸಿ, ‘ಬುದ್ಧೀ, ನನ್ನ ಮೊಮ್ಮಗ ನಿಂತವ್ನೆ. ನಮ್ಮವರ ಮನೆ ಮಕ್ಕಳು ಸುಮಾರು ಇದಾರೆ. ತಾವೊಂದು ಮಾತು ಹೇಳಿದರೆ ಎಲ್ಲಾ ಒಂದೇ ಕಡೆ ಬೀಳುತ್ತೆ’ ಎಂದರು. ನಿಮ್ಮ ಮೊಮ್ಮಗ ಶಾಲೆಗೆ ಏನು ಮಾಡಿದ್ದಾನೆ ಎಂದು ಕೇಳಿದೆವು. ಅವರು ಸ್ವಲ್ಪ ಯೋಚಿಸಿ, ‘ನಮ್ಮ ಹುಡುಗ ಅಲ್ಲವಾ ಬುದ್ಧೀ’ ಎಂದರು. ಪ್ರಸಾದ ಕೊಟ್ಟು ಕಳುಹಿಸಿದೆವು, ಮಾತು ಕೊಡಲಿಲ್ಲ.

ಶರಣ ಬಂಧುಗಳೇ, ಇದನ್ನು ನಿಮ್ಮೆಲ್ಲರ ಮುಂದೆ ಹೇಳುವುದಕ್ಕೆ ಕಾರಣವಿದೆ. ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು, ಒಂದೇ ಡಬ್ಬಿಯಿಂದ ತಿಂಡಿ ಹಂಚಿಕೊಂಡು ತಿನ್ನುವ ಮಕ್ಕಳಿಗೆ ‘ನಮ್ಮವರು’ ‘ಅವರು’ ಎಂಬ ಭೇದ ಗೊತ್ತಿರುವುದಿಲ್ಲ. ಚುನಾವಣೆಯ ಹಿಂದಿನ ರಾತ್ರಿ ಊಟಕ್ಕೆ ಕುಳಿತಾಗ ಅಪ್ಪನೋ ದೊಡ್ಡಪ್ಪನೋ ‘ಯಾರ್ಯಾರು ನಿಂತವ್ರೆ? ಅವನು ಯಾರ ಪೈಕಿ?’ ಎಂದು ಕೇಳುತ್ತಾರೆ. ಆ ಒಂದು ಪ್ರಶ್ನೆಯಿಂದ ಮಗುವಿನ ಕಣ್ಣಿಗೆ ಗೋಡೆ ಕಾಣಲು ಪ್ರಾರಂಭವಾಗುತ್ತದೆ. ಮರುದಿನ ಅದೇ ಬೆಂಚು, ಆದರೆ ನಡುವೆ ಒಂದು ಗೇಣು ಅಂತರ. ನಮ್ಮ ಭಾಷೆಯಲ್ಲಿ ‘ಮತ’ ಎಂಬ ಒಂದೇ ಪದ ಚುನಾವಣೆಗೂ ಧರ್ಮಕ್ಕೂ ಸಲ್ಲುತ್ತದೆ. ಪದ ಒಂದಾದ ಮಾತ್ರಕ್ಕೆ ಎರಡನ್ನೂ ಒಂದೇ ಪೆಟ್ಟಿಗೆಗೆ ಹಾಕಬಾರದು. ಕುಲವನ್ನು ಕೇಳದೆ ಲಿಂಗವನ್ನು ಅಂಗೈಗೆ ಕೊಟ್ಟ ಗುರುಪರಂಪರೆ ನಮ್ಮದು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ, 2019ರಲ್ಲಿ ಲಿಂಗೈಕ್ಯರಾದ ಡಾ. ಶಿವಕುಮಾರ ಮಹಾಸ್ವಾಮಿಗಳವರು ಎಲ್ಲ ಜಾತಿಯ ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಅನ್ನವಿಟ್ಟು ಅಕ್ಷರ ಕಲಿಸಿದರು. ಆ ಪಂಕ್ತಿಗೆ ಕೈಮುಗಿದು ಬಂದ ನಾವೇ ಮನೆಯಲ್ಲಿ ಮಗುವಿನ ಮತವನ್ನು ಜಾತಿಯ ತಕ್ಕಡಿಗೆ ಹಾಕಿದರೆ, ಹಣೆಯ ಮೇಲಿನ ವಿಭೂತಿ ಬರಿಯ ಬೂದಿ.

ಇನ್ನು ಆಸೆ ತೋರಿಸುವ ವಿಷಯ. ಕೆಲವು ಕಡೆ ಮತ ಕೇಳುವಾಗ ಪೆನ್ನು, ಚಾಕೊಲೇಟು ಹಂಚುವುದುಂಟು. ಹಣ ಕೊಡುವವರು ಮಕ್ಕಳಲ್ಲ, ತಂದೆಯರು. ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಚುನಾವಣೆಗಳಲ್ಲಿ ಹಣ ಮತ್ತು ಗಲಾಟೆ ಮಿತಿಮೀರಿದಾಗ ಲಿಂಗ್ಡೋ ಸಮಿತಿಯನ್ನು ನೇಮಿಸಲಾಯಿತು. ಅದರ ಶಿಫಾರಸುಗಳನ್ನು 2006ರಲ್ಲಿ ಸುಪ್ರೀಂ ಕೋರ್ಟು ಅಂಗೀಕರಿಸಿತು. ಒಬ್ಬ ಅಭ್ಯರ್ಥಿ 5000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡಕೂಡದು, ಅಚ್ಚು ಹಾಕಿಸಿದ ಭಿತ್ತಿಪತ್ರ ಕೂಡದು, ಕೈಯಿಂದ ಬರೆದದ್ದೇ ಆಗಬೇಕು ಎಂದು ಅಲ್ಲಿ ವಿಧಿಸಿದ್ದಾರೆ. ಕಾಲೇಜಿಗೇ ಈ ಕಟ್ಟುಪಾಡಾದರೆ ಪ್ರೌಢಶಾಲೆಯಲ್ಲಿ ಖರ್ಚು ಎಷ್ಟಿರಬೇಕು? ಒಂದು ಹಾಳೆ, ಒಂದು ಬಣ್ಣದ ಪೆನ್ಸಿಲ್ಲು. ಅದಕ್ಕಿಂತ ಹೆಚ್ಚು ಬೇಡ.

ಆಯ್ದಕ್ಕಿ ಮಾರಯ್ಯನ ಕಥೆ ನಿಮಗೆ ತಿಳಿದೇ ಇದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆತನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಕಂಡು ಸಂತೋಷಪಡಲಿಲ್ಲ. ನಮಗೆ ಬೇಕಾದದ್ದಕ್ಕಿಂತ ಹೆಚ್ಚಿನದು ಏಕೆ ಬಂತು, ಹೋಗಿ ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಮಕ್ಕಳೇ, ನಿಮಗೆ ಯಾರಾದರೂ ಪೆನ್ನು ಕೊಟ್ಟು ಮತ ಕೇಳಿದರೆ ಲಕ್ಕಮ್ಮನನ್ನು ನೆನೆಯಿರಿ. ‘ಅಣ್ಣಾ, ಪೆನ್ನು ನನ್ನ ಹತ್ತಿರ ಇದೆ. ನೀನು ಏನು ಕೆಲಸ ಮಾಡುತ್ತೀಯ ಹೇಳು’ ಎಂದು ಕೇಳಿರಿ. ಬೆರಳಿಗೆ ಹಚ್ಚುವ ಮಸಿಯನ್ನು ನೋಡಿದ್ದೀರಿ. ದೊಡ್ಡವರ ಚುನಾವಣೆಗೆ ಆ ಮಸಿ ತಯಾರಾಗುವುದು ನಮ್ಮ ಮೈಸೂರಿನಲ್ಲಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಅರಗು ಮತ್ತು ಬಣ್ಣದ ಕಾರ್ಖಾನೆಯಿಂದ 1962ರ ಮಹಾಚುನಾವಣೆಗೆ ಮೊದಲಾಗಿ ಅದು ದೇಶಕ್ಕೆಲ್ಲ ಹೋಗುತ್ತಿದೆ. ಆ ಮಸಿ ಕೆಲವು ವಾರಗಳಲ್ಲಿ ಉಗುರು ಬೆಳೆದಂತೆ ಮಾಸುತ್ತದೆ. ಮತವನ್ನು ಮಾರಿಕೊಂಡ ಮಸಿ ಮನಸ್ಸಿಗೆ ಹತ್ತಿದರೆ ಮಾಸುವುದಿಲ್ಲ.

ಗೆದ್ದ ಮಕ್ಕಳಿಗೆ ಈಗ ಒಂದು ಮಾತು. ಶಾಲೆಯ ಅಂಗಳ ಗುಡಿಸಲು, ಗಿಡಕ್ಕೆ ನೀರೆರೆಯಲು, ಹಿಂದುಳಿದ ಗೆಳೆಯನಿಗೆ ಲೆಕ್ಕ ಹೇಳಿಕೊಡಲು ಪದವಿ ಬೇಕಾಗಿಲ್ಲ. ಪದವಿ ಬೇಕಾದದ್ದು ಒಂದೇ ಕೆಲಸಕ್ಕೆ, ಬಾಯಿಬಿಟ್ಟು ಹೇಳಲಾರದವರ ಪರವಾಗಿ ಹೇಳುವುದಕ್ಕೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿಲ್ಲದಿದ್ದರೆ ಒಬ್ಬ ಹುಡುಗಿ ಒಂಟಿಯಾಗಿ ಮೇಷ್ಟ್ರ ಮುಂದೆ ಹೇಳಲು ನಾಚುತ್ತಾಳೆ. ಆರೋಗ್ಯ ಮಂತ್ರಿಯಾದವಳು ಎಲ್ಲರ ಹೆಸರಿನಲ್ಲಿ ಹೇಳಬಲ್ಲಳು. ಶಾಲಾಭಿವೃದ್ಧಿ ಸಮಿತಿಯ ಮುಂದೆಯೂ ಕೇಳಬಲ್ಲಳು. ಬಿಸಿಯೂಟದ ಖಾತೆ ವಹಿಸಿಕೊಂಡ ಮಗು ತಿಳಿದಿರಲಿ: ಸರ್ಕಾರ ಈ ಯೋಜನೆಗೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟಿತು. ದಾಸೋಹವೆಂಬುದು ಶರಣರ ಪದ. ಆದ್ದರಿಂದ ನೀನು ಕೊನೆಯ ಸಾಲಿನ ಕೊನೆಯ ತಟ್ಟೆಗೂ ಸಾರು ಬಿತ್ತೋ ಇಲ್ಲವೋ ನೋಡಿ ಆಮೇಲೆ ನಿನ್ನ ತಟ್ಟೆ ಹಿಡಿಯಬೇಕು.

ಇನ್ನೂ ಗುರುತರವಾದ ಒಂದು ಹೊಣೆಯಿದೆ. ತರಗತಿಯ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಶಾಲೆ ಬಿಡುತ್ತಾಳೆ. ಮನೆಯಲ್ಲಿ ಮದುವೆಯ ಮಾತುಕತೆ ನಡೆದಿದೆ ಎಂಬುದು ದೊಡ್ಡವರಿಗಿಂತ ಮೊದಲು ಗೆಳತಿಯರಿಗೆ ತಿಳಿದಿರುತ್ತದೆ. ಹದಿನೆಂಟು ತುಂಬದ ಹೆಣ್ಣಿನ ಮದುವೆ ಕಾನೂನಿಗೆ ವಿರುದ್ಧ, ಧರ್ಮಕ್ಕೂ ವಿರುದ್ಧ. ಆಗ ನೀವು ಗುರುಗಳಿಗೆ ತಿಳಿಸಬೇಕು. ಅಲ್ಲಿ ಆಗದಿದ್ದರೆ 1098 ಎಂಬ ಮಕ್ಕಳ ಸಹಾಯವಾಣಿಗೆ ಕರೆ ಮಾಡಬೇಕು. ಯಾರ ಮನೆಯವರೆಂದು ನೋಡಬಾರದು. ನಮ್ಮ ಮಠದ ಭಕ್ತರ ಮನೆಯಾದರೂ ಸರಿಯೇ. ಒಂದು ವರ್ಷದ ಸಂಸತ್ತು ಒಬ್ಬ ಮಗುವಿನ ಓದನ್ನು ಉಳಿಸಿದರೆ ಅಷ್ಟು ಮಟ್ಟಿಗೆ ಅದು ಸಾರ್ಥಕ.

ಹೆಣ್ಣುಮಕ್ಕಳು ಮುಖ್ಯಮಂತ್ರಿ ಸ್ಥಾನಕ್ಕೆ ನಿಲ್ಲಬಾರದೆಂದು ತಡೆಯುವ ತಂದೆತಾಯಿಗಳು ಇಂದಿಗೂ ಇದ್ದಾರೆ. ಗ್ರಾಮ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿದೆ. ಆದರೂ ಎಷ್ಟೋ ಕಡೆ ಗೆದ್ದವಳು ಮನೆಯಲ್ಲಿ, ಗಂಡ ಕುರ್ಚಿಯಲ್ಲಿ. ಸಭೆಯಲ್ಲಿ ಎದ್ದುನಿಂತು ಮಾತನಾಡುವ ಅಭ್ಯಾಸ ಹದಿನಾಲ್ಕರ ವಯಸ್ಸಿನಲ್ಲಿ ಆಗದಿದ್ದರೆ ನಲವತ್ತಕ್ಕೆ ಎಲ್ಲಿಂದ ಬಂದೀತು? ಮಗಳು ನಿಲ್ಲುತ್ತೇನೆಂದರೆ ನಿಲ್ಲಲು ಬಿಡಿ.

ಕೊನೆಯದಾಗಿ ಸೋತವರ ವಿಷಯ. ಇದನ್ನು ಹೇಳಲೆಂದೇ ನಾವು ಮುಖ್ಯವಾಗಿ ಬಂದದ್ದು. ಕೆಲವು ವರ್ಷಗಳ ಕೆಳಗೆ ಹತ್ತನೆಯ ತರಗತಿಯ ಹುಡುಗನೊಬ್ಬ ಕೆಲವೇ ಮತಗಳಿಂದ ಸೋತು ವಾರವಾದರೂ ಶಾಲೆಗೆ ಹೋಗಲಿಲ್ಲ. ತಂದೆ ಅವನನ್ನು ಕರೆತಂದು, ‘ಬೇರೆ ಸ್ಕೂಲಿಗೆ ಹಾಕ್ತೀನಿ ಬುದ್ಧೀ, ಟಿ.ಸಿ. ತಗೊಳ್ಳೋಕೆ ಹೊರಟಿದ್ದೀನಿ’ ಎಂದರು. ಗೆದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ಹುಡುಗನನ್ನು ಕೇಳಿದೆವು. ‘ಶಾಲೆ ಹಿಂದೆ ಹೊಂಗೆ ಸಸಿ ನೆಟ್ಟಿದ್ದೀವಿ, ನೀರು ಹಾಕೋ ಪಾಳಿ ಮಾಡ್ತಿದ್ದೆ’ ಎಂದ. ಸಸಿಗಳಿಗೆ ನೀನು ಸೋತ ಸುದ್ದಿ ತಿಳಿದಿದೆಯೇನಪ್ಪ ಎಂದೆವು. ಹುಡುಗ ತಲೆ ತಗ್ಗಿಸಿ ನಕ್ಕ. ತಂದೆಯೂ ನಕ್ಕರು. ಹುಡುಗ ಮರುದಿನ ಶಾಲೆಗೆ ಹೋದ.

ಕೆಲಸ ಮಾಡಬೇಕೆಂಬ ಆಸೆಯಿಂದ ನಿಂತಿದ್ದರೆ ಸೋತ ಮೇಲೂ ಕೆಲಸ ಅಲ್ಲಿಯೇ ಇರುತ್ತದೆ. ಹೆಸರಿನ ಆಸೆಯಿಂದ ನಿಂತಿದ್ದರೆ ಗೆದ್ದ ಮೇಲೂ ಕೆಲಸ ಕಾಣುವುದಿಲ್ಲ. ಸೋಲು ಇದನ್ನು ಒರೆಹಚ್ಚಿ ತೋರಿಸುತ್ತದೆ. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಡಾ. ಬಾಬಾಸಾಹೇಬ ಅಂಬೇಡ್ಕರರು ಆ ಸಂವಿಧಾನದಂತೆಯೇ ನಡೆದ ಮೊದಲ ಮಹಾಚುನಾವಣೆಯಲ್ಲಿ ಮುಂಬಯಿಯಿಂದ ನಿಂತು ಸೋತರು. 1954ರ ಭಂಡಾರಾ ಉಪಚುನಾವಣೆಯಲ್ಲೂ ಸೋತರು. ಅವರು ಮತ ಕೊಡದ ಜನರನ್ನು ಶಪಿಸಿ ಮನೆಯಲ್ಲಿ ಕೂರಲಿಲ್ಲ. ರಾಜ್ಯಸಭೆಯಲ್ಲಿ ಕುಳಿತು ಕೊನೆಯವರೆಗೂ ತಮ್ಮ ಕೆಲಸ ಮುಂದುವರಿಸಿದರು. ಇಂದು ಗೆದ್ದ ಪ್ರತಿಯೊಬ್ಬ ಸದಸ್ಯನೂ ಪ್ರಮಾಣ ಸ್ವೀಕರಿಸುವುದು ಅವರು ಮುಂದೆ ನಿಂತು ರೂಪಿಸಿದ ಸಂವಿಧಾನದ ಹೆಸರಿನಲ್ಲಿ.

ನಿಮ್ಮ ಊರಿನ ಹೆಸರಿನಲ್ಲಿಯೇ ಇದಕ್ಕೊಂದು ನಿದರ್ಶನವಿದೆ. ನಂದಗುಡಿಯನ್ನು ನಂದ ಅರಸರ ಹೆಸರಿನೊಡನೆ ಜೋಡಿಸಿ ಹೇಳುವ ಐತಿಹ್ಯವುಂಟು. ಆ ನಂದರು ರಾಜ್ಯ ಕಳೆದುಕೊಂಡ ಮೇಲಿನ ಕಥೆಯನ್ನು ವಿಶಾಖದತ್ತನು ‘ಮುದ್ರಾರಾಕ್ಷಸ’ವೆಂಬ ಸಂಸ್ಕೃತ ನಾಟಕದಲ್ಲಿ ಬರೆದಿದ್ದಾನೆ. ನಂದರ ಮಂತ್ರಿಯ ಹೆಸರು ರಾಕ್ಷಸ. ಹೆಸರು ರಾಕ್ಷಸನಾದರೂ ನಿಷ್ಠೆಯಲ್ಲಿ ಅಪ್ಪಟ ಚಿನ್ನ. ಗೆದ್ದ ಚಾಣಕ್ಯನು ಅವನನ್ನು ಕೊಲ್ಲಿಸಲಿಲ್ಲ, ಓಡಿಸಲೂ ಇಲ್ಲ. ಇಷ್ಟು ಯೋಗ್ಯನಾದವನು ಚಂದ್ರಗುಪ್ತನ ರಾಜ್ಯಕ್ಕೆ ಬೇಕೆಂದು ನಾನಾ ತಂತ್ರ ಹೂಡಿದನು. ಕೊನೆಗೆ ಮಿತ್ರನಾದ ಚಂದನದಾಸನ ಪ್ರಾಣ ಉಳಿಸಲು ರಾಕ್ಷಸನು ತಾನೇ ಬಂದು ನಿಂತಾಗ, ಚಾಣಕ್ಯನು ಮಂತ್ರಿಪದವಿಯನ್ನು ಆ ಸೋತವನಿಗೆ ಒಪ್ಪಿಸಿ ತಾನು ಪಕ್ಕಕ್ಕೆ ಸರಿದನು. ಚಾಣಕ್ಯನ ತಂತ್ರಗಳೆಲ್ಲ ನಮಗೆ ಒಪ್ಪಿಗೆಯಲ್ಲ. ಆದರೆ ಗೆದ್ದ ಮೇಲೆ ಮೊದಲು ಹುಡುಕಬೇಕಾದದ್ದು ಸೋತ ಯೋಗ್ಯನನ್ನು ಎಂಬ ಆ ಒಂದು ಅರಿವು ಎಲ್ಲರಿಗೂ ಬೇಕಾದದ್ದು.

ಆದ್ದರಿಂದ ಮುಖ್ಯಮಂತ್ರಿಯಾದ ಮಗು ಇಂದೇ ತನ್ನೆದುರು ನಿಂತಿದ್ದವರನ್ನು ಕರೆದು, ನೀವು ಹೇಳಿದ್ದರಲ್ಲಿ ಒಳ್ಳೆಯದು ಯಾವುದು, ಅದನ್ನು ಒಟ್ಟಿಗೆ ಮಾಡೋಣ ಎಂದು ಕೇಳಲಿ. ಉಪಾಧ್ಯಾಯರು ಮಕ್ಕಳ ತೀರ್ಪು ತಮಗೆ ಹಿಡಿಸದಿದ್ದರೂ ಬದಲಿಸದಿರಲಿ. ಮಕ್ಕಳು ತಂದ ದೂರನ್ನು ಬದಿಗೆ ಸರಿಸದೆ, ಆಗುವುದೋ ಇಲ್ಲವೋ ಎಂಬ ಉತ್ತರವನ್ನಾದರೂ ಕೊಡಲಿ. ತಂದೆತಾಯಿಗಳು ‘ಗೆದ್ದೆಯಾ?’ ಎಂದು ಕೇಳುವುದನ್ನು ಬಿಟ್ಟು ‘ಏನು ಮಾಡಿದೆ?’ ಎಂದು ಕೇಳಲಿ. ವರ್ಷದ ಕೊನೆಗೆ ಪ್ರತಿಯೊಂದು ಖಾತೆಯ ಮಗುವೂ ಎಲ್ಲರ ಮುಂದೆ ನಿಂತು ಮಾಡಿದ್ದೆಷ್ಟು, ಉಳಿದದ್ದೆಷ್ಟು ಎಂದು ಲೆಕ್ಕ ಒಪ್ಪಿಸಲಿ. ಆ ದಿನವೂ ನಮ್ಮನ್ನು ಕರೆಯಿರಿ. ಹಾರ ತುರಾಯಿ ಬೇಡ, ಲೆಕ್ಕ ಕೇಳಲು ಬರುತ್ತೇವೆ.

ಗೆದ್ದವರಲ್ಲಿ ವಿನಯ ಬೆಳೆಯಲಿ, ಸೋತವರಲ್ಲಿ ಧೈರ್ಯ ಕುಂದದಿರಲಿ, ಮತ ಹಾಕಿದ ಮಕ್ಕಳಲ್ಲಿ ವಿವೇಕ ನೆಲೆಗೊಳ್ಳಲಿ, ಈ ನಂದಗುಡಿಯ ಶಾಲೆಯ ಬೆಂಚುಗಳ ನಡುವೆ ಒಂದು ಗೇಣಿನ ಅಂತರವೂ ಬೀಳದಿರಲಿ ಎಂದು ಗುರುಬಸವಾದಿ ಪ್ರಮಥರಲ್ಲಿ ಪ್ರಾರ್ಥಿಸಿ, ನಿಮ್ಮೆಲ್ಲರನ್ನೂ ಹರಸುತ್ತೇವೆ.